ಜೋಡಿ ಡಿಸ್ಕ್ ಇದ್ದರೆ ಸಾಲದು, ಕಾಲಮಿತಿಯೂ ಹೊಂದಿಕೆಯಾಗಬೇಕು

ಹತ್ತಿಯ ಹಂಗಾಮು ಆರಂಭವಾಯಿತೆಂದರೆ ರಾಯಚೂರಿನ ರಾಜೇಂದ್ರ ಗಂಜ್‌ನ ದಲಾಲಿ ಅಂಗಡಿಗಳಿಗೆ ಬಿಡುವೆಂಬುದೇ ಇರುವುದಿಲ್ಲ. ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಸುಗ್ಗಿಯ ಕಾಲಕ್ಕೂ, ದೇವದುರ್ಗದ ಕಡೆಯಿಂದ ಹತ್ತಿಯ ಗಾಡಿಗಳು ಬರುವ ಕಾಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ತೂಕದ ಚೀಟಿ, ರೈತನ ಪಟ್ಟಿ, ಹಮಾಲಿಯ ಲೆಕ್ಕ, ಬ್ಯಾಂಕಿನ ಜಮಾ ಖರ್ಚು, ಸರಕು ಸಾಗಣೆಯ ಇ-ವೇ ಬಿಲ್ಲು ಇವೆಲ್ಲವೂ ಒಂದೇ ದಿನದಲ್ಲಿ, ಒಂದೇ ಮೇಜಿನ ಮೇಲೆ ಆಗಬೇಕು. ಹಿಂದೆ ಇದೆಲ್ಲವನ್ನೂ ಕೆಂಪು ರಟ್ಟಿನ ಕಿರ್ದಿ ಖತಾವಣಿ ಪುಸ್ತಕಗಳು ಹೊರುತ್ತಿದ್ದವು. ಇಂದು ಆ ಭಾರವನ್ನು ಹೊರುತ್ತಿರುವುದು ಮೂಲೆಯಲ್ಲಿಟ್ಟ ಗಣಕಯಂತ್ರವೊಂದರ ಹಾರ್ಡ್ ಡಿಸ್ಕ್.

ಕಾಗದದ ಪುಸ್ತಕಕ್ಕೆ ಗೆದ್ದಲು, ನೀರು, ಬೆಂಕಿಗಳ ಭಯವಿತ್ತು. ಆ ಭಯ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದಲೇ ಪುಸ್ತಕವನ್ನು ತಿಜೋರಿಯಲ್ಲಿಡುವ ರೂಢಿಯೂ ಬೆಳೆಯಿತು. ಡಿಸ್ಕಿನ ಭಯ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಎರಡು ಮೂರು ಡಿಸ್ಕ್‌ಗಳನ್ನು ಜೋಡಿಸಿ ‘ಒಂದು ಕೆಟ್ಟರೂ ಲೆಕ್ಕ ಹೋಗುವುದಿಲ್ಲ’ ಎಂದು ಭರವಸೆ ನೀಡಿ ಮಾರಲಾದ ಯಂತ್ರಗಳಲ್ಲಿಯೇ, ಡಿಸ್ಕ್‌ಗಳು ನಿಜವಾಗಿ ಕೆಡದಿದ್ದರೂ ಲೆಕ್ಕ ಕೈತಪ್ಪುವ ಸಂಭವವಿದೆ ಎಂಬುದು ಬಹುಪಾಲು ವರ್ತಕರಿಗೆ ತಿಳಿಯದ ಸಂಗತಿಯಾಗಿದೆ. ಅದರ ಕಾರಣ ಅತಿ ಚಿಕ್ಕದು, ಪರಿಹಾರ ಬಹುಮಟ್ಟಿಗೆ ಖರ್ಚಿಲ್ಲದ್ದು. ಹಾಗಿದ್ದೂ ಅದು ಯಾರ ಹೊಣೆಯೆಂದು ನಿರ್ಧಾರವಾಗದೆ ಉಳಿದಿರುವುದು ವಿಷಾದಕರ.

ಲೆಕ್ಕ ಉಳಿಸುವುದು ಐಚ್ಛಿಕವಲ್ಲ

ಸರಕು ಮತ್ತು ಸೇವಾ ತೆರಿಗೆ 2017ರ ಜುಲೈ 1ರಂದು ಜಾರಿಗೆ ಬಂತು. ಆ ಕಾಯಿದೆಯ 36ನೆಯ ಕಲಮಿನ ಪ್ರಕಾರ ನೋಂದಾಯಿತ ವರ್ತಕನು ಪ್ರತಿ ವರ್ಷದ ಲೆಕ್ಕಪತ್ರಗಳನ್ನು, ಆ ವರ್ಷದ ವಾರ್ಷಿಕ ವಿವರಣಾ ಪತ್ರ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡಿಕೊಂಡು ಬರಬೇಕು. ಮೇಲ್ಮನವಿ ಅಥವಾ ತನಿಖೆ ಬಾಕಿಯಿದ್ದಲ್ಲಿ ಆ ಅವಧಿ ಇನ್ನೂ ದೀರ್ಘವಾಗಬಹುದು. ಕಂಪನಿಯಾಗಿ ನೋಂದಾಯಿಸಿಕೊಂಡ ಉದ್ದಿಮೆಗಳಿಗೆ 2013ರ ಕಂಪನಿ ಕಾಯಿದೆಯು ಎಂಟು ಹಣಕಾಸು ವರ್ಷಗಳ ಲೆಕ್ಕವನ್ನು ಉಳಿಸಬೇಕೆನ್ನುತ್ತದೆ. ವಿದ್ಯುನ್ಮಾನ ರೂಪದ ಲೆಕ್ಕಗಳ ಪ್ರತಿಯನ್ನು ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನ ತೆಗೆದಿಡಬೇಕೆಂಬ ನಿಯಮವೂ 2022ರ ಆಗಸ್ಟ್‌ನಿಂದ ಅವುಗಳಿಗೆ ಅನ್ವಯಿಸಿದೆ. ‘ಡಿಸ್ಕ್ ಹೋಯಿತು’ ಎಂಬ ಒಂದೇ ಮಾತಿನಿಂದ ಈ ಹೊಣೆ ಮುಗಿಯುವುದಿಲ್ಲ.

ಕಾನೂನಿಗಿಂತಲೂ ಹೆಚ್ಚಿನದು ವಿಶ್ವಾಸದ ಪ್ರಶ್ನೆ. ಗಂಜ್‌ನ ವ್ಯವಹಾರ ನಡೆಯುವುದು ಉದ್ದರಿಯ ಮೇಲೆ. ರೈತನಿಗೆ ಬಿತ್ತನೆಗೆಂದು ಕೊಟ್ಟ ಮುಂಗಡ, ಗಿರಣಿಯಿಂದ ಬರಬೇಕಾದ ಬಾಕಿ, ಹಮಾಲರಿಗೆ ಸಲ್ಲಬೇಕಾದ ಕೂಲಿ ಇವು ಲೆಕ್ಕದಲ್ಲಿದ್ದಾಗ ಮಾತ್ರ ನಿಶ್ಚಿತ. ಲೆಕ್ಕ ಕಳೆದರೆ ವರ್ತಕನ ಮಾತಿಗೂ ರೈತನ ಮಾತಿಗೂ ನಡುವೆ ಸಾಕ್ಷಿಯೇ ಉಳಿಯುವುದಿಲ್ಲ.

ರೇಡ್ ಎಂದರೇನು?

ರೇಡ್ ಎಂದೊಡನೆ ವರ್ತಕರಿಗೆ ತೆರಿಗೆ ಇಲಾಖೆಯ ದಾಳಿ ನೆನಪಾಗುವುದು ಸಹಜ. ಗಣಕ ಕ್ಷೇತ್ರದಲ್ಲಿ ಮಾತ್ರ ಅದು ರಕ್ಷಣೆಯ ಹೆಸರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್ ಎಂಬ ಮೂವರು ವಿದ್ವಾಂಸರು 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂತು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕ್‌ಗಳನ್ನು ಒಂದು ಸಮೂಹವಾಗಿ ಕಟ್ಟಿ, ಒಂದು ಕೈಕೊಟ್ಟರೂ ಉಳಿದವುಗಳಿಂದ ದತ್ತಾಂಶವನ್ನು ಮರಳಿ ಪಡೆಯುವುದು ಅದರ ತತ್ವ. ಒಂದನೆಯ ಮಟ್ಟದಲ್ಲಿ ಎರಡು ಡಿಸ್ಕ್‌ಗಳು ಪರಸ್ಪರ ಪ್ರತಿಬಿಂಬ. ಐದನೆಯ ಮಟ್ಟದಲ್ಲಿ ಮೂರು ಅಥವಾ ಹೆಚ್ಚು ಡಿಸ್ಕ್‌ಗಳು ಸೇರಿ, ಯಾವುದಾದರೂ ಒಂದನ್ನು ಕಳೆದುಕೊಂಡರೂ ತಾಳಿಕೊಳ್ಳುತ್ತವೆ.

ಇದಕ್ಕೆಂದೇ ಪ್ರತ್ಯೇಕ ಬೆಲೆಬಾಳುವ ಕಾರ್ಡ್ ಕೊಳ್ಳುವ ಕಾಲವೊಂದಿತ್ತು. ಇಂದು ಲಿನಕ್ಸ್ ಕಾರ್ಯವ್ಯವಸ್ಥೆಯೇ ತಂತ್ರಾಂಶದ ಮೂಲಕ ಈ ಕೆಲಸವನ್ನು ಉಚಿತವಾಗಿ ಮಾಡುತ್ತದೆ. ಅಂಗಡಿಗಳಲ್ಲಿ ಕಾಣುವ ನ್ಯಾಸ್ ಎಂಬ ಪುಟ್ಟ ಪೆಟ್ಟಿಗೆಗಳಲ್ಲಿ, ಸಿನಾಲಜಿ ಮತ್ತು ಕ್ಯೂನ್ಯಾಪ್‌ನಂತಹ ಹೆಸರಾಂತ ತಯಾರಿಕೆಗಳೂ ಸೇರಿದಂತೆ, ಒಳಗೆ ದುಡಿಯುವುದು ಇದೇ ವ್ಯವಸ್ಥೆ. ಮೇಜಿನ ಮೇಲೆ ಟ್ಯಾಲಿ ನಡೆಯುವ ಯಂತ್ರ ವಿಂಡೋಸ್‌ನದಾಗಿದ್ದರೂ, ಲೆಕ್ಕದ ಕಡತ ಕುಳಿತಿರುವುದು ಹಲವೆಡೆ ಇಂತಹ ಪೆಟ್ಟಿಗೆಯಲ್ಲಿಯೇ.

ಎರಡು ಗಡಿಯಾರಗಳ ಜಗಳ

ಹಾರ್ಡ್ ಡಿಸ್ಕಿನ ಮೇಲ್ಮೈಯನ್ನು ಸೆಕ್ಟರ್ ಎಂಬ ಚಿಕ್ಕ ಚಿಕ್ಕ ಮನೆಗಳಾಗಿ ವಿಂಗಡಿಸಿರುತ್ತಾರೆ. 4 ಟೆರಾಬೈಟಿನ ಡಿಸ್ಕಿನಲ್ಲಿ 4096 ಬೈಟಿನ ಮನೆಗಳನ್ನು ಎಣಿಸಿದರೆ ಸುಮಾರು 97 ಕೋಟಿ 65 ಲಕ್ಷ ಮನೆಗಳಾಗುತ್ತವೆ. ಇಷ್ಟರಲ್ಲಿ ಒಂದೆರಡು ಮನೆಗಳು ಓದಲು ಬಾರದಂತಾಗುವುದು ಅಪರೂಪವೇನಲ್ಲ. ಅದರಿಂದ ಡಿಸ್ಕ್ ಸತ್ತಂತೆಯೂ ಅಲ್ಲ. ಬದಲಿ ಮನೆಗಳನ್ನು ಡಿಸ್ಕ್ ಮೊದಲೇ ಕಾದಿರಿಸಿಕೊಂಡಿರುತ್ತದೆ.

ಓದಲಾಗದ ಮನೆ ಎದುರಾದಾಗ ಡಿಸ್ಕ್ ಏನು ಮಾಡುತ್ತದೆ ಎಂಬಲ್ಲಿಯೇ ಸಮಸ್ಯೆ ಹುಟ್ಟುವುದು. ಮನೆಬಳಕೆಯ ಸಾಧಾರಣ ಡಿಸ್ಕ್‌ಗೆ ತಾನೊಂದೇ ದತ್ತಾಂಶದ ಆಧಾರವೆಂಬ ಎಣಿಕೆ. ಆದ್ದರಿಂದ ಅದು ಆ ಮನೆಯನ್ನು ಮತ್ತೆ ಮತ್ತೆ ಓದಲು ಹವಣಿಸುತ್ತದೆ. ಈ ಪ್ರಯತ್ನ ಎರಡು ಮೂರು ನಿಮಿಷಗಳವರೆಗೂ ನಡೆಯಬಹುದು. ಆ ಅವಧಿಯಲ್ಲಿ ಅದು ಹೊರಗಿನ ಕರೆಗೆ ಓಗೊಡುವುದಿಲ್ಲ. ಇತ್ತ ಲಿನಕ್ಸ್ ಪ್ರತಿ ಆದೇಶಕ್ಕೂ ಕಾಯುವ ರೂಢಿಯ ಅವಧಿ ಕೇವಲ 30 ಸೆಕೆಂಡು. ಮೂವತ್ತು ಸೆಕೆಂಡು ಮೀರಿದೊಡನೆ ಅದು ಸಂಪರ್ಕವನ್ನು ಕಡಿದು ಮರುಜೋಡಿಸಲು ಯತ್ನಿಸುತ್ತದೆ. ಡಿಸ್ಕ್ ಇನ್ನೂ ತನ್ನ ಕೆಲಸದಲ್ಲೇ ಮುಳುಗಿರುತ್ತದೆ.

ಸಮೂಹವನ್ನು ನಡೆಸುವ ತಂತ್ರಾಂಶ ಬುದ್ಧಿವಂತ. ಓದಲಾಗದ ಮನೆಯ ದತ್ತಾಂಶವನ್ನು ಉಳಿದ ಡಿಸ್ಕ್‌ಗಳಿಂದ ಕಟ್ಟಿ, ಅದೇ ಮನೆಗೆ ಪುನಃ ಬರೆಯಲು ಅದು ಆದೇಶ ನೀಡುತ್ತದೆ. ಬರೆದೊಡನೆ ಡಿಸ್ಕ್ ಆ ಮನೆಯನ್ನು ಸರಿಪಡಿಸಿಕೊಳ್ಳಬೇಕು, ಇಲ್ಲವೇ ಬದಲಿ ಮನೆಗೆ ವರ್ಗಾಯಿಸಬೇಕು. ಹಾಗಾದರೆ ಕಥೆ ಅಲ್ಲಿಗೇ ಸುಖಾಂತ್ಯ. ಆದರೆ ಓಗೊಡದ ಡಿಸ್ಕಿಗೆ ಬರೆಯುವ ಆದೇಶವೂ ತಲುಪುವುದಿಲ್ಲ. ಬರೆಯಲಾಗದ ಡಿಸ್ಕ್ ಕೆಟ್ಟಿತೆಂದೇ ತಂತ್ರಾಂಶದ ತೀರ್ಮಾನ. ಅದು ಇಡೀ ಡಿಸ್ಕನ್ನು ಸಮೂಹದಿಂದ ಹೊರಹಾಕುತ್ತದೆ. ಹೀಗೆ ಸುಮಾರು ನೂರು ಕೋಟಿ ಮನೆಗಳಲ್ಲಿ ಒಂದು ಮನೆಯ ದೋಷಕ್ಕಾಗಿ ಇಡೀ ಊರನ್ನೇ ತೊರೆದಂತಾಗುತ್ತದೆ.

ಅನಾಹುತ ನಡೆಯುವ ಬಗೆ

ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ 4 ಟೆರಾಬೈಟಿನ ಮೂರು ಡಿಸ್ಕ್‌ಗಳ ಐದನೆಯ ಮಟ್ಟದ ಸಮೂಹವಿದೆಯೆಂದು ಭಾವಿಸಬಹುದು. ಮೇಲೆ ಹೇಳಿದಂತೆ ಒಂದು ಡಿಸ್ಕ್ ಹೊರಬಿತ್ತು. ಲೆಕ್ಕ ಎಂದಿನಂತೆಯೇ ನಡೆಯುತ್ತಿರುವುದರಿಂದ ಗುಮಾಸ್ತರಿಗೆ ಏನೂ ತಿಳಿಯಲಿಲ್ಲ. ತಂತ್ರಾಂಶ ಎಚ್ಚರಿಕೆಯ ಪತ್ರ ಕಳುಹಿಸಿತು. ಆದರೆ ಅದು ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಹೋಯಿತು. ತಿಂಗಳುಗಳ ನಂತರ ಯಾರೋ ಕೆಂಪು ದೀಪ ಗಮನಿಸಿ ಹೊಸ ಡಿಸ್ಕ್ ಹಾಕಿಸಿದರು. ಈಗ ಪುನರ್ನಿರ್ಮಾಣಕ್ಕಾಗಿ ಉಳಿದೆರಡು ಡಿಸ್ಕ್‌ಗಳ ಒಟ್ಟು 8 ಟೆರಾಬೈಟನ್ನು ಮೊದಲಿನಿಂದ ಕೊನೆಯವರೆಗೆ ಓದಲೇಬೇಕು. ವರ್ಷಗಳಿಂದ ಯಾರೂ ಮುಟ್ಟದ ಹಳೆಯ ಕಡತದ ಒಂದು ಮನೆ ಅಲ್ಲಿ ಓದಲು ಬಾರದಂತಿದ್ದರೆ ಮತ್ತೆ ಮೂವತ್ತು ಸೆಕೆಂಡು, ಮತ್ತೆ ಹೊರಹಾಕುವಿಕೆ. ಎರಡನೆಯ ಡಿಸ್ಕ್ ಹೊರಬಿದ್ದೊಡನೆ ಸಮೂಹವೇ ನಿಲ್ಲುತ್ತದೆ.

ಈ ಉದಾಹರಣೆಯಲ್ಲಿ ಒಂದು ಡಿಸ್ಕೂ ಪೂರ್ಣವಾಗಿ ಸತ್ತಿಲ್ಲ. ಎರಡು ಮನೆಗಳು ಮಾತ್ರ ಹಾಳಾಗಿವೆ. ಅವೂ ಬೇರೆ ಬೇರೆ ಜಾಗದಲ್ಲಿ. ಆದರೂ ಸುಗ್ಗಿಯ ನಡುವೆ ಬಿಲ್ಲಿಂಗ್ ನಿಂತಿದೆ. ಗಾಬರಿಯಲ್ಲಿ ಸಮೂಹವನ್ನು ‘ಹೊಸದಾಗಿ ರಚಿಸುವ’ ಆಜ್ಞೆ ಕೊಟ್ಟರಂತೂ ಉಳಿದಿದ್ದೂ ಅಳಿಸಿಹೋಗುವ ಅಪಾಯ ಎದುರಾಗುತ್ತದೆ.

ಪರಿಹಾರ: ಏಳು ಸೆಕೆಂಡು ಅಥವಾ ನೂರೆಂಬತ್ತು

ಪರಿಹಾರದ ಸೂತ್ರ ಒಂದೇ ವಾಕ್ಯದ್ದು: ಡಿಸ್ಕ್ ತನ್ನ ಪ್ರಯತ್ನ ಕೈಬಿಡುವ ಅವಧಿಯು ಕಾರ್ಯವ್ಯವಸ್ಥೆ ಕಾಯುವ ಅವಧಿಗಿಂತ ಕಡಿಮೆ ಇರಬೇಕು.

ಸಮೂಹಕ್ಕೆಂದೇ ತಯಾರಾದ ಡಿಸ್ಕ್‌ಗಳಲ್ಲಿ ದೋಷ ಸರಿಪಡಿಸುವ ಯತ್ನವನ್ನು ಮಿತಗೊಳಿಸುವ ಸೌಲಭ್ಯವಿರುತ್ತದೆ. ವೆಸ್ಟರ್ನ್ ಡಿಜಿಟಲ್ ಇದನ್ನು ಟಿಎಲ್‌ಇಆರ್ ಎಂದೂ, ಸೀಗೇಟ್ ಇಆರ್‌ಸಿ ಎಂದೂ, ಹಿಟಾಚಿ ಮತ್ತು ಸ್ಯಾಮ್‌ಸಂಗ್ ಸಿಸಿಟಿಎಲ್ ಎಂದೂ ಕರೆದವು. ಹೆಸರು ಬೇರೆಯಾದರೂ ಕೆಲಸ ಒಂದೇ. ರೂಢಿಯ ಮಿತಿ 7 ಸೆಕೆಂಡು. ಏಳು ಸೆಕೆಂಡಿನಲ್ಲಿ ಓದಲಾಗದಿದ್ದರೆ ಡಿಸ್ಕ್ ‘ಆಗಲಿಲ್ಲ’ ಎಂದು ಪ್ರಾಮಾಣಿಕವಾಗಿ ತಿಳಿಸುತ್ತದೆ, ತಂತ್ರಾಂಶ ಉಳಿದ ಡಿಸ್ಕ್‌ಗಳಿಂದ ದತ್ತಾಂಶವನ್ನು ತಂದು ಬರೆಯುತ್ತದೆ, ವ್ಯವಹಾರ ನಿಲ್ಲುವುದಿಲ್ಲ. ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಎಂಬ ಉಚಿತ ಉಪಕರಣದಿಂದ ಈ ಮಿತಿಯನ್ನು ನೋಡಬಹುದು, ಬದಲಿಸಬಹುದು. ಅಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗ ಮಾನವಾದ್ದರಿಂದ, ಓದುವುದಕ್ಕೂ ಬರೆಯುವುದಕ್ಕೂ 70 ಎಂದು ನಮೂದಿಸಬೇಕು.

ಸಾಧಾರಣ ಡೆಸ್ಕ್‌ಟಾಪ್ ಡಿಸ್ಕ್‌ಗಳ ಪೈಕಿ ಹಲವು ಮಾದರಿಗಳಲ್ಲಿ ಈ ಸೌಲಭ್ಯವೇ ಇಲ್ಲ. ಅಂತಹವುಗಳನ್ನು ಈಗಾಗಲೇ ಬಳಸುತ್ತಿದ್ದರೆ ಎದುರು ದಾರಿ ಹಿಡಿಯಬೇಕು. ಕಾರ್ಯವ್ಯವಸ್ಥೆ ಕಾಯುವ ಅವಧಿಯನ್ನೇ 30ರಿಂದ 180 ಸೆಕೆಂಡಿಗೆ ಏರಿಸಬೇಕು. ಇದರ ಬೆಲೆಯೆಂದರೆ, ದೋಷ ಎದುರಾದಾಗ ಯಂತ್ರ ಎರಡು ಮೂರು ನಿಮಿಷ ಸ್ತಬ್ಧವಾಗಿ ನಿಂತಂತೆ ತೋರುತ್ತದೆ. ಸರದಿಯಲ್ಲಿ ರೈತರು ನಿಂತಿರುವಾಗ ಗುಮಾಸ್ತನು ಅಸಹನೆಯಿಂದ ಸ್ವಿಚ್ ಆರಿಸಿಬಿಟ್ಟರೆ ಪ್ರಯೋಜನವಿಲ್ಲ. ಆ ಮಾತನ್ನು ಅವನಿಗೆ ಮೊದಲೇ ತಿಳಿಸಿರಬೇಕು.

ಇನ್ನೊಂದು ಸೂಕ್ಷ್ಮವಿದೆ. ಏಳು ಸೆಕೆಂಡಿನ ಮಿತಿ ಸಮೂಹದಲ್ಲಿರುವ ಡಿಸ್ಕಿಗೆ ಮಾತ್ರ ಹಿತ. ಒಂಟಿಯಾಗಿರುವ ಡಿಸ್ಕಿಗೆ, ಅಥವಾ ಜೊತೆಗಾರನನ್ನು ಕಳೆದುಕೊಂಡು ದತ್ತಾಂಶದ ಕೊನೆಯ ಪ್ರತಿಯನ್ನು ಹೊತ್ತಿರುವ ಡಿಸ್ಕಿಗೆ ದೀರ್ಘ ಪ್ರಯತ್ನವೇ ಹಿತ, ಏಕೆಂದರೆ ಅಲ್ಲಿ ತಂದು ತುಂಬಲು ಬೇರೆ ಪ್ರತಿಯಿಲ್ಲ. ಆದ್ದರಿಂದ ‘ಎಲ್ಲ ಡಿಸ್ಕಿಗೂ ಏಳು’ ಎಂಬ ಕುರುಡು ನಿಯಮವೂ ಸಲ್ಲದು.

ಈ ಜಿಲ್ಲೆಗೆ ವಿಶೇಷವಾಗಿ ಏಕೆ?

ಸಮಸ್ಯೆ ಲೋಕಕ್ಕೆಲ್ಲ ಸಮಾನವಾದರೂ, ರಾಯಚೂರು ಜಿಲ್ಲೆಯಲ್ಲಿ ಅದಕ್ಕೆ ಮೂರು ಕಾರಣಗಳಿಂದ ಹೆಚ್ಚು ಬಲ ಬರುತ್ತದೆ.

ಮೊದಲನೆಯದು ವಿದ್ಯುತ್ತು. ರಾಜ್ಯಕ್ಕೆ ಬೆಳಕು ನೀಡುವ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ಇದೇ ಜಿಲ್ಲೆಯಲ್ಲಿದ್ದರೂ, ವಿದ್ಯುತ್ ವ್ಯತ್ಯಯ ಇಲ್ಲಿನ ಉದ್ದಿಮೆಗಳಿಗೆ ಹೊಸದಲ್ಲ. ಬಹುತೇಕ ಡಿಸ್ಕ್‌ಗಳಲ್ಲಿ ಕೈಯಿಂದ ನಮೂದಿಸಿದ ಏಳು ಸೆಕೆಂಡಿನ ಮಿತಿ ವಿದ್ಯುತ್ ಹೋಗಿ ಬಂದೊಡನೆ ಅಳಿಸಿಹೋಗುತ್ತದೆ. ಕಾರ್ಯವ್ಯವಸ್ಥೆಗೆ ಹೇಳಿದ 180 ಸೆಕೆಂಡೂ ಯಂತ್ರ ಮರಳಿ ಆರಂಭವಾದಾಗ ಮೂವತ್ತಕ್ಕೇ ಇಳಿಯುತ್ತದೆ. ಎಂಜಿನಿಯರ್ ಬಂದು ಒಮ್ಮೆ ಸರಿಪಡಿಸಿ ಹೋದದ್ದು ಮರುದಿನದ ಕಡಿತಕ್ಕೆ ವ್ಯರ್ಥ. ಯಂತ್ರ ಆರಂಭವಾಗುವಾಗಲೆಲ್ಲ ಈ ಮೌಲ್ಯಗಳು ತಾವಾಗಿಯೇ ನಮೂದಾಗುವಂತೆ ಆರಂಭದ ಕಡತದಲ್ಲಿ ಬರೆದಿಡುವುದು ಅತ್ಯಗತ್ಯ. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಅರ್ಧ ಬರೆದ ಮನೆ ಓದಲು ಬಾರದಂತಾಗುವುದೂ ಉಂಟು. ಆದ್ದರಿಂದ ಯುಪಿಎಸ್ ಇಲ್ಲದೆ ಸಮೂಹ ಕಟ್ಟುವುದು ಅರ್ಧ ಕೆಲಸವೇ ಸರಿ.

ಎರಡನೆಯದು ಬಿಸಿಲು. ಬೇಸಿಗೆಯಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸಾಧಾರಣ ಡಿಸ್ಕ್‌ಗಳಿಗೆ ತಯಾರಕರು ಹೇಳುವ ಗರಿಷ್ಠ ಮಿತಿ ಸಾಮಾನ್ಯವಾಗಿ 60 ಡಿಗ್ರಿ. ತಗಡಿನ ಚಾವಣಿಯ ಕೆಳಗೆ, ಮುಚ್ಚಿದ ಮೇಜಿನೊಳಗೆ ಇಟ್ಟ ಪೆಟ್ಟಿಗೆಗೂ ಆ ಮಿತಿಗೂ ನಡುವಿನ ಅಂತರ ಹೆಚ್ಚಿಲ್ಲ. ಮೂರನೆಯದು ಧೂಳು. ಜಿನ್ನಿಂಗ್ ಕಾರ್ಖಾನೆಯ ಹತ್ತಿಯ ಎಳೆ, ಅಕ್ಕಿ ಗಿರಣಿಯ ತೌಡಿನ ಪುಡಿ ಫ್ಯಾನುಗಳನ್ನು ಕಟ್ಟಿಹಾಕಿದಾಗ ಆ ಅಂತರವೂ ಕರಗುತ್ತದೆ.

ಗೂಗಲ್ ಸಂಸ್ಥೆಯ ಸಂಶೋಧಕರು ತಮ್ಮಲ್ಲಿನ ಅಪಾರ ಸಂಖ್ಯೆಯ ಡಿಸ್ಕ್‌ಗಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ವರದಿ ಇಲ್ಲಿ ಸ್ಮರಣಾರ್ಹ. ಮೇಲ್ಮೈ ಪರಿಶೀಲನೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್, ದೋಷವಿಲ್ಲದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಕೈಕೊಡುವ ಸಂಭವ 39 ಪಟ್ಟು ಹೆಚ್ಚೆಂದು ಅವರು ಕಂಡುಕೊಂಡರು. ಅದೇ ವೇಳೆ, ಕೆಟ್ಟ ಡಿಸ್ಕ್‌ಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನವು ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ಮೊದಲ ದೋಷವನ್ನು ಕಡೆಗಣಿಸಬಾರದು, ದೋಷ ಕಾಣಲಿಲ್ಲವೆಂದು ಮೈಮರೆಯಲೂ ಬಾರದು ಎಂಬುದು ಇದರ ತಾತ್ಪರ್ಯ.

ತಿಂಗಳಿಗೊಮ್ಮೆ ತಪಾಸಣೆ

ಯಾರೂ ಓದದ ಮನೆಗಳಲ್ಲಿ ಅಡಗಿರುವ ದೋಷವನ್ನು ಮೊದಲೇ ಹೊರಗೆಳೆಯುವ ಉಪಾಯವೂ ತಂತ್ರಾಂಶದಲ್ಲಿದೆ. ಸಮೂಹವನ್ನು ಆದ್ಯಂತ ಓದಿಸಿ, ಓದಲಾಗದ ಮನೆಗಳನ್ನು ಸರಿಪಡಿಸುವ ತಪಾಸಣೆಯನ್ನು ತಿಂಗಳಿಗೊಮ್ಮೆ ನಡೆಸುವುದು ರೂಢಿ. ಡೆಬಿಯನ್‌ನಲ್ಲಿ ಇದಕ್ಕೆ ತಿಂಗಳ ಮೊದಲ ಭಾನುವಾರದ ನಸುಕಿನ ವೇಳೆ ಗೊತ್ತುಪಡಿಸಲಾಗಿದೆ. ಆದರೆ ರಾತ್ರಿ ಅಂಗಡಿ ಮುಚ್ಚುವಾಗ ಯಂತ್ರವನ್ನೂ ಆರಿಸಿ ಹೋಗುವ ಕಡೆ ಈ ತಪಾಸಣೆ ನಡೆಯದೆಯೇ ವರ್ಷಗಳು ಕಳೆಯಬಹುದು. ಅಂತಹ ಅಂಗಡಿಗಳು ಬಿಡುವಿನ ದಿನವೊಂದರ ಹಗಲು ವೇಳೆಗೆ ಅದನ್ನು ಬದಲಿಸಿಕೊಳ್ಳಬೇಕು. ಕ್ರಮವೂ ಮುಖ್ಯ. ಕಾಲಮಿತಿಯನ್ನು ಸರಿಪಡಿಸದೆ ತಪಾಸಣೆ ಆರಂಭಿಸಿದರೆ ತಪಾಸಣೆಯೇ ಡಿಸ್ಕ್‌ಗಳನ್ನು ಹೊರಹಾಕೀತು.

ಆಕ್ಷೇಪಗಳಿಗೆ ಸಮಾಧಾನ

‘ಎಲ್ಲವನ್ನೂ ಕ್ಲೌಡ್‌ಗೆ ಹಾಕಿದರಾಯಿತು’ ಎಂಬುದು ಇಂದು ಸಾಮಾನ್ಯವಾಗಿ ಕೇಳಿಬರುವ ಮಾತು. ದೂರದ ಪ್ರತಿಯಾಗಿ ಕ್ಲೌಡ್ ಒಳ್ಳೆಯದೇ. ಆದರೆ ಇಂಟರ್ನೆಟ್ ಕೈಕೊಟ್ಟ ದಿನವೂ ತಕ್ಕಡಿ ನಡೆಯಬೇಕು, ಪಟ್ಟಿ ಬರೆಯಬೇಕು. ಹತ್ತಿರದ ಡಿಸ್ಕಿನ ಅಗತ್ಯ ತಪ್ಪುವುದಿಲ್ಲ. ‘ಎಸ್‌ಎಸ್‌ಡಿ ಬಂದ ಮೇಲೆ ಈ ಚಿಂತೆಯೇಕೆ’ ಎನ್ನುವವರೂ ಇದ್ದಾರೆ. ದಿನನಿತ್ಯದ ಬಿಲ್ಲಿಂಗಿಗೆ ಎಸ್‌ಎಸ್‌ಡಿ ಯೋಗ್ಯವೇ ಆದರೂ, ಹೆಚ್ಚಿನ ಪ್ರಮಾಣದ ದತ್ತಾಂಶವನ್ನು ಕಡಿಮೆ ಬೆಲೆಗೆ ಉಳಿಸುವ ಕೆಲಸ ಇನ್ನೂ ತಿರುಗುವ ಡಿಸ್ಕಿನ ಪಾಲಿಗೇ ಇದೆ.

‘ನ್ಯಾಸ್ ಎಂದು ಬರೆದ ಡಿಸ್ಕ್ ಕೊಂಡರೆ ಸಾಕು’ ಎಂಬ ಮಾತೂ ಪೂರ್ಣ ಸತ್ಯವಲ್ಲ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಶ್ರೇಣಿಯ 2ರಿಂದ 6 ಟೆರಾಬೈಟಿನ ಕೆಲವು ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಎಂಬ, ಪಥಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸಿ ಬರೆಯುವ ವಿಧಾನ ಬಳಕೆಯಾಗಿದೆಯೆಂಬುದು 2020ರಲ್ಲಿ ಬೆಳಕಿಗೆ ಬಂತು; ಕಂಪನಿಯೂ ಅದನ್ನು ಒಪ್ಪಿ ಮಾದರಿಗಳ ಪಟ್ಟಿ ಪ್ರಕಟಿಸಿತು. ಇಂತಹ ಡಿಸ್ಕ್‌ಗಳು ಪುನರ್ನಿರ್ಮಾಣದ ಎಡೆಬಿಡದ ಬರವಣಿಗೆಯಲ್ಲಿ ತೀರ ನಿಧಾನವಾಗಿ, ಕಾಲಮಿತಿ ಮೀರುವ ಸಂಭವ ಹೆಚ್ಚು. ಪೆಟ್ಟಿಗೆಯ ಮೇಲಿನ ಬಣ್ಣವನ್ನಲ್ಲ, ಮಾದರಿ ಸಂಖ್ಯೆಯನ್ನು ನೋಡಿ ಕೊಳ್ಳಬೇಕು.

ಕೊನೆಯದಾಗಿ, ಎಷ್ಟೇ ಸುಸಜ್ಜಿತವಾದರೂ ರೇಡ್ ಎಂಬುದು ಬ್ಯಾಕಪ್ ಅಲ್ಲ. ಗುಮಾಸ್ತನ ಕೈತಪ್ಪಿನಿಂದ ಅಳಿಸಿದ ಕಡತ ಸಮೂಹದ ಎಲ್ಲ ಡಿಸ್ಕಿನಲ್ಲೂ ಅಳಿಸುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ವಾನಾಕ್ರೈನಂತಹ ಹಾವಳಿ ಎಲ್ಲ ಪ್ರತಿಗಳಿಗೂ ಏಕಕಾಲಕ್ಕೆ ಬೀಗ ಹಾಕುತ್ತದೆ. 2009ರ ನೆರೆ ಈ ಭಾಗದ ಜನರ ನೆನಪಿನಿಂದ ಇನ್ನೂ ಮಾಸಿಲ್ಲ. ನೀರು ನುಗ್ಗಿದ ಕೋಣೆಯಲ್ಲಿ ಒಂದು ಡಿಸ್ಕಿದ್ದರೂ ಮೂರಿದ್ದರೂ ಫಲ ಒಂದೇ. ಮಾನ್ವಿಯ ಗಿರಣಿಯ ಲೆಕ್ಕದ ಪ್ರತಿಯೊಂದು ರಾಯಚೂರಿನ ಕಚೇರಿಯಲ್ಲಿಯೂ, ರಾಯಚೂರಿನದು ದೇವದುರ್ಗದ ಶಾಖೆಯಲ್ಲಿಯೂ ಇರುವಂತೆ ಏರ್ಪಾಡು ಮಾಡಿಕೊಳ್ಳುವುದು ಕಷ್ಟವಲ್ಲ.

ಹೊಣೆ ಯಾರದು?

ಡಿಸ್ಕ್ ತಯಾರಕನು ತನ್ನ ಡೆಸ್ಕ್‌ಟಾಪ್ ಡಿಸ್ಕ್ ಸಮೂಹಕ್ಕಲ್ಲವೆಂದು ಹೇಳಿ ಕೈತೊಳೆದುಕೊಳ್ಳುತ್ತಾನೆ. ಯಂತ್ರ ಜೋಡಿಸಿಕೊಡುವವನು ಗಿರಾಕಿ ಕೇಳಿದ ಬೆಲೆಗೆ ದೊರೆತ ಡಿಸ್ಕ್ ಹಾಕುತ್ತಾನೆ. ಲೆಕ್ಕದ ತಂತ್ರಾಂಶ ಮಾರುವವನಿಗೆ ಡಿಸ್ಕಿನ ಗೊಡವೆಯಿಲ್ಲ. ಹೀಗೆ ಯಾರೂ ತಪ್ಪು ಮಾಡದಿದ್ದರೂ ನಷ್ಟವೆಲ್ಲ ವರ್ತಕನ ತಲೆಗೆ ಬರುತ್ತದೆ. ಭತ್ತ ಕೊಳ್ಳುವಾಗ ತೇವಾಂಶ ಪರೀಕ್ಷಿಸುವ, ಹತ್ತಿ ಕೊಳ್ಳುವಾಗ ಎಳೆಯನ್ನು ಬೆರಳಲ್ಲಿ ಎಳೆದು ನೋಡುವ ವರ್ತಕನು, ತನ್ನ ಇಡೀ ಲೆಕ್ಕವನ್ನು ಹೊರುವ ಯಂತ್ರವನ್ನು ಮಾತ್ರ ಕಣ್ಣುಮುಚ್ಚಿ ಕೊಳ್ಳುತ್ತಿರುವುದು ಸರಿಯಲ್ಲ.

ಖರೀದಿ ಆದೇಶದಲ್ಲಿ ನಾಲ್ಕು ಸಾಲು ಸೇರಿಸಿದರೆ ಈ ಸ್ಥಿತಿ ಬದಲಾಗುತ್ತದೆ. ದೋಷ ನಿರ್ವಹಣೆಯ ಕಾಲಮಿತಿ ಇರುವ, ಎಸ್‌ಎಂಆರ್ ಅಲ್ಲದ ಡಿಸ್ಕ್‌ಗಳನ್ನೇ ಒದಗಿಸತಕ್ಕದ್ದು. ವಿದ್ಯುತ್ ಹೋಗಿ ಬಂದ ನಂತರವೂ ಮಿತಿ ಉಳಿದಿರುವುದನ್ನು ಗಿರಾಕಿಯ ಎದುರಿನಲ್ಲಿಯೇ ತೋರಿಸತಕ್ಕದ್ದು. ಮಾಸಿಕ ತಪಾಸಣೆಯ ಫಲಿತಾಂಶವೂ ಎಚ್ಚರಿಕೆಯ ಪತ್ರಗಳೂ ಮಾಲೀಕನು ನಿತ್ಯ ನೋಡುವ ವಿಳಾಸಕ್ಕೆ ತಲುಪತಕ್ಕದ್ದು. ಬ್ಯಾಕಪ್‌ನಿಂದ ಒಂದು ತಿಂಗಳ ಲೆಕ್ಕವನ್ನು ಮರಳಿ ತೆರೆದು ತೋರಿಸಿದ ನಂತರವೇ ಕೊನೆಯ ಕಂತಿನ ಹಣ ಪಾವತಿಯಾಗತಕ್ಕದ್ದು.

ಒಬ್ಬಂಟಿ ವರ್ತಕನು ಇವನ್ನು ಕೇಳಿದರೆ ಮಾರಾಟಗಾರ ನಕ್ಕಾನು. ವಾಣಿಜ್ಯೋದ್ಯಮ ಸಂಸ್ಥೆಯ ಸದಸ್ಯರೆಲ್ಲರೂ ಒಂದೇ ನಮೂನೆಯ ಷರತ್ತಿನಡಿ ಕೇಳಿದರೆ ಅದೇ ಮಾರುಕಟ್ಟೆಯ ಪದ್ಧತಿಯಾಗುತ್ತದೆ. ಸ್ಥಳೀಯ ಯಂತ್ರ ಜೋಡಣೆಗಾರರನ್ನೂ ಲೆಕ್ಕ ಪರಿಶೋಧಕರನ್ನೂ ಒಂದೆಡೆ ಕರೆದು, ರಾಯಚೂರು, ಮಾನ್ವಿ ಮತ್ತು ದೇವದುರ್ಗಗಳಲ್ಲಿ ಒಂದೊಂದು ದಿನದ ತಪಾಸಣಾ ಶಿಬಿರ ನಡೆಸುವುದು ಸಂಸ್ಥೆಗೆ ಭಾರವಾಗಲಾರದು. ಅದು ಮುಂದಿನ ಸುಗ್ಗಿಗೆ ಮುನ್ನ, ಯಂತ್ರಗಳಿಗೆ ಬಿಡುವಿರುವ ದಿನಗಳಲ್ಲಿಯೇ ಆಗಬೇಕು. ಏಳು ಸೆಕೆಂಡಿನ ಒಂದು ಮಿತಿಯನ್ನು ನಮೂದಿಸಲು ಐದು ನಿಮಿಷ ಸಾಕು. ಕಳೆದ ಏಳು ವರ್ಷದ ಲೆಕ್ಕವನ್ನು ಮತ್ತೆ ಬರೆಯಲು ಯಾವ ಗುಮಾಸ್ತನಿಂದಲೂ ಸಾಧ್ಯವಿಲ್ಲ.